ಭತ್ತದ ನಡುವೆ ಒಂದೆಕರೆ ಅಲಸಂದಿ

ಅಪ್ಪನ ಜೊತೆ ವಾದ ಮಾಡಿ ನಾನು ಸೋತದ್ದು ನೆನಪಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಹಾಗೆ ಗೆದ್ದೂ ಗೆದ್ದೂ ಕೊನೆಗೆ ಒಂದೆಕರೆ ಗದ್ದೆ ನನ್ನ ಕೊರಳಿಗೆ ಬಿತ್ತು.

ನಮ್ಮ ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಗದ್ದೆ ಕುಕ್ಕುವಾಡದಲ್ಲಿ, ನಾಲೆಯ ನೀರು ಸುಸ್ತಾಗಿ ಬಂದು ಮುಟ್ಟುವ ಕೊನೆಯ ಭಾಗದಲ್ಲಿ. ಬೆಳಿಗ್ಗೆ ಅಪ್ಪ ಬೈಕ್ ಹತ್ತಿ ಗದ್ದೆಗೆ ಹೋದರೆ ನಾನು ಬಸ್ ಹತ್ತಿ ಹರಿಹರಕ್ಕೆ ಹೋಗುತ್ತಿದ್ದೆ. ಅಲ್ಲಿನ ಸಣ್ಣ ಮಣ್ಣು ಪರೀಕ್ಷೆಯ ಲ್ಯಾಬೊಂದರಲ್ಲಿ ನನಗೆ ಕೆಲಸ. ರೈತರು ಪ್ಲಾಸ್ಟಿಕ್ ಚೀಲದಲ್ಲಿ ತಂದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಸಾರಜನಕ ಎಷ್ಟು, ರಂಜಕ ಎಷ್ಟು, ಸತು ಎಷ್ಟು ಎಂದು ಅಳೆದು ಕಾರ್ಡು ಬರೆಯುವುದು. ಕಾರ್ಡಿನಲ್ಲಿ ‘ಮುಂದಿನ ಬೆಳೆ’ ಎಂಬ ಕಾಲಂ ಇತ್ತು. ‘ಹಿಂದಿನ ಬೆಳೆ’ ಎಂಬುದು ಇರಲಿಲ್ಲ. ಇಷ್ಟು ವರ್ಷ ಏನು ತಿಂದಿದ್ದಿ ಎಂದು ಕೇಳದೆಯೇ ರೋಗಿಗೆ ಪಥ್ಯ ಹೇಳಿದಂತಾಯಿತು ಇದು ಎಂದು ಮೊದಲ ವಾರದಲ್ಲೇ ತಕರಾರು ತೆಗೆದೆ. “ಕಾಲಂ ಇಲ್ಲ ಅಂದ್ರ ಬರೀಬ್ಯಾಡ್ರಿ, ಅಷ್ಟೇ,” ಎಂದರು ನನ್ನ ಮೇಲಿನವರು.

ಡಿಸೆಂಬರಿನ ಒಂದು ಭಾನುವಾರ. ಮಳೆಗಾಲದ ಭತ್ತ ಮನೆ ಸೇರಿತ್ತು. ಅಪ್ಪ ಮಂಡಕ್ಕಿ ತಿನ್ನುತ್ತ, ಬೇಸಿಗೆ ಭತ್ತಕ್ಕೆ ಈ ಸಲ ಯೂರಿಯಾ ಇನ್ನೊಂದು ಚೀಲ ಜಾಸ್ತಿ ಹಾಕಬೇಕು, ಎಲೆ ಹಳದಿ ಆಗ್ತಾವೆ ಎಂದ.

“ಹೋದ ವರ್ಷನೂ ಒಂದು ಜಾಸ್ತಿ ಹಾಕಿದ್ದಿ. ಹಳದಿ ಹೋತಾ?”

“ಇಲ್ಲ.”

“ಅದರ ಹಿಂದಿನ ವರ್ಷ?”

“ನೀನು ಕೋರ್ಟಿನ್ಯಾಗ ಕೇಳ್ದಂಗ ಕೇಳ್ಬ್ಯಾಡ. ಹೇಳೋದಿದ್ರ ಹೇಳು.”

ಹೇಳಿದೆ. ಮಳೆಗಾಲಕ್ಕೂ ಭತ್ತ, ಬೇಸಿಗೆಗೂ ಭತ್ತ. ವರ್ಷದ ಬಹುಪಾಲು ಮಣ್ಣು ನೀರಿನ ಕೆಳಗೇ ಇರುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳಿಗೆ ಅದು ಅರಮನೆ, ಗಾಳಿ ಬೇಕಾದವುಗಳಿಗೆ ಸೆರೆಮನೆ. ಕಾಲಿಟ್ಟರೆ ಗುಳುಗುಳು ಗುಳ್ಳೆ ಏಳುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಅದಕ್ಕೇ. ನೀನು ಸುರಿದ ಯೂರಿಯಾದ ಒಂದಷ್ಟನ್ನು ಈ ಜೀವಿಗಳೇ ಮುರಿದು ಗಾಳಿಗೆ ಬಿಟ್ಟುಬಿಡುತ್ತವೆ. ಸತು ಮಣ್ಣಲ್ಲಿದ್ದರೂ ಬೇರಿಗೆ ಸಿಗದಂತೆ ಗಟ್ಟಿ ಕೂತುಬಿಡುತ್ತದೆ. ಒಂದು ಬೇಸಿಗೆ ನೀರು ನಿಲ್ಲಿಸಿ ಅಲಸಂದಿಯೋ ಉದ್ದೋ ಹಾಕಿದರೆ ಮಣ್ಣಿಗೆ ಗಾಳಿ ಹೋಗುತ್ತದೆ, ಬೇರಿನ ಗಂಟುಗಳಲ್ಲಿ ಕೂತ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಗಿಡ ಕೊಳೆತ ಮೇಲೆ ಅದು ಮುಂದಿನ ಭತ್ತಕ್ಕೂ ಸಿಗುತ್ತದೆ.

ಅಪ್ಪ ಪೂರ್ತಿ ಕೇಳಿದ. ಆಮೇಲೆ, “ಕಾಲೇಜಿನ ಚರ್ಚಾ ಸ್ಪರ್ಧೆಯಾಗ ‘ಭತ್ತವೇ ಸಾಕು’ ಅಂತ ಮಾತಾಡಿ ಕಪ್ಪು ಗೆದ್ದು ತಂದಿದ್ಯಲ್ಲ?” ಎಂದ.

“ಅದು ಸ್ಪರ್ಧೆ. ನಾಣ್ಯ ಚಿಮ್ಮಿ ಯಾವ ಕಡೆ ಬರ್ತೈತೋ ಆ ಕಡೆ ಮಾತಾಡೋದು.”

“ಆಗಲೂ ಹಿಂಗೇ ಕೈ ಕುಣಿಸಿದ್ದೆ. ನಾನು ಬಂದಿದ್ನಲ್ಲ, ನೋಡೀನಿ. ಈಗ ಹೇಳು, ನಿನಗ ಖರೇ ಯಾವುದು ಅನ್ಸತೈತೆ?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾವ ತೀರ್ಪುಗಾರರೂ ನನಗೆ ಕೇಳಿರಲಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಗೊತ್ತಿರಲಿಲ್ಲ. ಅದೇ ಸ್ಪರ್ಧೆಯಲ್ಲಿ, ನೀರು ನಿಂತ ಗದ್ದೆಯಲ್ಲಿ ರಂಜಕ ಇನ್ನೂ ಸುಲಭವಾಗಿ ಬೇರಿಗೆ ಸಿಗುತ್ತದೆ, ನೀರಿನ ಮೇಲಿನ ಪಾಚಿಯೂ ಸಾರಜನಕ ಹಿಡಿಯುತ್ತದೆ ಎಂದು ನಾನೇ ವಾದಿಸಿದ್ದೆ, ಅದೂ ಸುಳ್ಳಲ್ಲ. ಆದರೆ ಮಾತಿನ ನಡುವೆ ತಡವರಿಸಿದರೆ ಅಂಕ ಹೋಗುತ್ತದೆ ಎಂದು ಕಲಿತ ನಾಲಿಗೆ. “ಬೆಳೆ ಬದಲಾಯಿಸೋದೇ ಖರೇ,” ಎಂದುಬಿಟ್ಟೆ.

“ಹಂಗಾರೆ ಬ್ಯಾರೆಯವರ ಗದ್ದೆಗಳ ನಡುವೆ ಐತಲ್ಲ ನಮ್ಮ ಒಂದೆಕರೆ, ಅದು ಈ ಬೇಸಿಗೆ ನಿಂದು. ನಾನು ಕಾಲಿಡಲ್ಲ.”

ಒಳಗಿನಿಂದ ಅಮ್ಮ ಕೂಗಿದಳು: “ಅಪ್ಪ ಮಗಳ ಹಟಕ್ಕೆ ಎಕರೆ ಸುಡಬ್ಯಾಡ್ರಿ. ಅದು ಉಣ್ಣೋ ಅನ್ನ ಐತೆ!”

ಸೂಕ್ಷ್ಮಜೀವಿಗಳನ್ನು ಬಾಟಲಿಯಲ್ಲಿ ಮಾರುವವರನ್ನು ನಾನು ನಂಬುವುದಿಲ್ಲ. ಬಿಸಿಲಲ್ಲಿ ಅಂಗಡಿ ಮುಂದೆ ತಿಂಗಳುಗಟ್ಟಲೆ ಕೂತ ಬಾಟಲಿಯೊಳಗೆ ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಎಂದು ಎಣಿಸಿದವರಿಲ್ಲ. ಆದರೆ ಎಷ್ಟೋ ವರ್ಷ ಬರೀ ಭತ್ತ ಕಂಡ ನಮ್ಮ ಕೆಸರಿನಲ್ಲಿ ಅಲಸಂದಿಯ ಬೇರಿಗೆ ಬೇಕಾದ ಬ್ಯಾಕ್ಟೀರಿಯಾ ಸಾಕಷ್ಟು ಉಳಿದಿರಲಿಕ್ಕಿಲ್ಲ ಎಂಬ ಅನುಮಾನವೂ ಇತ್ತು. ಹಾಗಾಗಿ ಅಮ್ಮನ ತವರಾದ ಲೋಕಿಕೆರೆಗೆ ಸ್ಕೂಟರ್ ತೆಗೆದುಕೊಂಡು ಹೋದೆ. ಅಲ್ಲಿ ಮಾವನ ಹೊಲದಲ್ಲಿ ವರ್ಷವೂ ಜೋಳದ ಸಾಲಿನ ನಡುವೆ ಅಲಸಂದಿ ಇರುತ್ತದೆ. ಗಿಡದ ಬುಡದ ಮಣ್ಣು ಒಂದು ಚೀಲ ಬೇಕು ಎಂದೆ. ಮಾವ ಗುದ್ದಲಿ ಕೊಟ್ಟು ನೆರಳಲ್ಲಿ ಕೂತು ನೋಡಿದ.

“ಅಲ್ಲವ್ವ, ತವರಿಗೆ ಬಂದ ಹೆಣ್ಣುಮಕ್ಕಳು ಸೀರೆ ಒಯ್ತಾರೆ, ಉಡಿ ತುಂಬಿಸ್ಕೊಂಡು ಹೋಗ್ತಾರೆ. ಮಣ್ಣು ಹೊತ್ಕೊಂಡು ಹೋಗಾಕೆ ಬಂದಾಕಿ ನೀನೇ ಮೊದಲು.”

“ಸೀರೇನೂ ಕೊಡು. ಬ್ಯಾಡ ಅಂದೆನಾ?”

“ಇದನ್ನ ಓದಿಸಿದ್ದೇ ತಪ್ಪಾತು,” ಎಂದು ಅತ್ತೆಯನ್ನು ನೋಡಿ ನಕ್ಕ. ಅತ್ತೆ ಚೀಲದ ಬಾಯಿ ಕಟ್ಟುವ ಮೊದಲು, ಯಾತಕ್ಕೂ ಇರಲಿ ಎಂದು ಒಂದು ಚಿಟಿಕೆ ಅರಿಶಿನ ಹಾಕಿದಳು. ಅರಿಶಿನ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ ಎಂದು ಹೇಳಬೇಕೆಂದುಕೊಂಡವಳು, ಒಂದು ಚಿಟಿಕೆ ಏನು ಮಾಡೀತು ಎಂದು ಸುಮ್ಮನಾದೆ.

ಆ ಮಣ್ಣಿಗೆ ತಣ್ಣನೆಯ ಬೆಲ್ಲದ ನೀರು ಬೆರೆಸಿ ಬೀಜಕ್ಕೆ ಹಚ್ಚಿ, ಕೊಯ್ದ ಭತ್ತದ ಕೂಳೆಯ ನಡುವೆ ಉಳಿದಿದ್ದ ತೇವದಲ್ಲೇ ಬಿತ್ತಿಸಿದೆ. ಬಿತ್ತಿದ ನಾಲ್ಕನೆಯ ದಿನ ಕೆಳಗಿನ ಗದ್ದೆಯವರು ಬದುವಿನ ಮೇಲೆ ಬಂದು ನಿಂತರು. ಅಪ್ಪನ ವಾರಿಗೆಯವರು, ನಾನು ಕಾಕಾ ಎನ್ನುತ್ತಿದ್ದೆ. ನಮ್ಮ ಎಕರೆಯ ಕೆಳಗೆ ಅವರದು ಮೂವತ್ತು ಗುಂಟೆ. ಅವರಿಗೆ ಇದ್ದದ್ದೇ ಅಷ್ಟು.

“ವಕೀಲಮ್ಮ, ಏನು ಹಾಕಿರಿ?”

“ಅಲಸಂದಿ, ಕಾಕಾ.”

“ಚಲೋ ಆತು. ನನಗೆ ನೀರು ಯಾವ ಕಡೆಯಿಂದ ಬರತೈತ್ರಿ ಈಗ?”

ನಾನು ಸುತ್ತ ನೋಡಿದೆ. ನಮ್ಮ ಕಡೆ ಪ್ರತಿ ಗದ್ದೆಗೂ ಬೇರೆ ಕಾಲುವೆ ಇಲ್ಲ. ಮೇಲಿನ ಗದ್ದೆ ತುಂಬಿ, ಬದುವಿನ ಕಿಂಡಿಯಿಂದ ಹೊರಬಿದ್ದ ನೀರು ನಮ್ಮ ಗದ್ದೆ ತುಂಬುತ್ತದೆ; ನಮ್ಮದು ತುಂಬಿ ಕೆಳಗಿನವರದಕ್ಕೆ ಇಳಿಯುತ್ತದೆ. ಎಲ್ಲರೂ ಭತ್ತ ಹಾಕುವವರೆಗೆ ಇದು ಸರಾಗ. ನಾನು ನೀರು ಬಿಟ್ಟರೆ ನನ್ನ ಅಲಸಂದಿ ಕೊಳೆಯುತ್ತದೆ, ಬಿಡದಿದ್ದರೆ ಕಾಕಾನ ಭತ್ತ ಒಣಗುತ್ತದೆ. ಹುಟ್ಟಿದಾಗಿನಿಂದ ಆ ಬದುಗಳ ಮೇಲೆ ಓಡಾಡಿದ್ದೆ, ಸಾರಜನಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. “ನಿನಗ ಇದು ಗೊತ್ತಿತ್ತಾ?”

“ಗೊತ್ತಿಲ್ದೇ ಏನು?”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಇನ್ನೊಂದು ತಾಸು ವಾದ ಮಾಡ್ತಿದ್ದಿ. ಮಂಡಕ್ಕಿ ಮೆತ್ತಗಾಗ್ತಿತ್ತು.”

ಅಳಿಸಿ ಮತ್ತೆ ಭತ್ತ ನಾಟಿ ಮಾಡಲು ಸಸಿ ಇರಲಿಲ್ಲ; ನನ್ನ ಎಕರೆಗೆಂದು ಅಪ್ಪ ಸಸಿಮಡಿಯನ್ನೇ ಹಾಕಿರಲಿಲ್ಲ. ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿತ್ತು. ಇಬ್ಬರು ಆಳು ಹಿಡಿದು, ನಮ್ಮ ಎಕರೆಯ ಒಂದು ಅಂಚನ್ನು ಕಡಿದು, ಮೇಲಿನ ಕಿಂಡಿಯಿಂದ ಕಾಕಾನ ಗದ್ದೆಯವರೆಗೆ ಎರಡಡಿ ಅಗಲದ ಕಾಲುವೆ ತೋಡಿಸಿದೆ. ಸಮಸ್ಯೆ ಮುಗಿಯಿತು ಎಂದುಕೊಂಡೆ. ಕಾಕಾ ಕಾಲುವೆಯ ಉದ್ದಕ್ಕೂ ನಡೆದು, ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು ಏಡಿ ಬಿಲಗಳನ್ನು ಹುಡುಕಿ ಮಣ್ಣು ಮೆತ್ತಿದರು.

ಫೆಬ್ರವರಿಯ ಹೊತ್ತಿಗೆ ಸುತ್ತ ಎಲ್ಲರ ನಾಟಿ ಮುಗಿದು, ಕಣ್ಣು ಹಾಯುವವರೆಗೆ ನೀರು ನಿಂತಿತು. ನಡುವೆ ನನ್ನ ಎಕರೆ. ಮೇಲಿನ ಗದ್ದೆಯಿಂದ ಬದುವಿನಡಿ ನೀರು ಜಿನುಗುತ್ತಿತ್ತು, ಪಕ್ಕದಿಂದ ನಾನೇ ತೋಡಿಸಿದ ಕಾಲುವೆ ಜಿನುಗುತ್ತಿತ್ತು. ಅಂಚಿನ ಗಿಡಗಳು ಹಳದಿಯಾದವು. ದಿನವೂ ಆರು ಗಂಟೆಗೇ ಅಪ್ಪನ ಬೈಕಿನ ಹಿಂದೆ ಕೂತು ಬಂದು, ಬಸ್ಸಿನ ಹೊತ್ತಾಗುವವರೆಗೆ ಬದು ಸುತ್ತುತ್ತಿದ್ದೆ. ಒಂದು ದಿನ ನಡುವಿನ ಗಿಡವೊಂದನ್ನು ಬೇರುಸಮೇತ ಅಗೆದು ತೊಳೆದೆ. ಬೇರಿನ ತುಂಬ ಸಾಸಿವೆಯಷ್ಟು, ಮೆಣಸಿನ ಕಾಳಿನಷ್ಟು ದಪ್ಪದ ಗಂಟುಗಳು. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ. ಹಾಗೆ ಗುಲಾಬಿಯಾಗಿದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ ಎಂದರ್ಥ. ಅಂಚಿನ ಗಿಡ ಅಗೆದೆ: ನಾಲ್ಕೇ ಗಂಟು, ಒಳಗೆ ಬೂದು. ಅವಕ್ಕೂ ಉಸಿರು ಬೇಕಿತ್ತು.

ಎರಡು ಕಡೆಯ ಮಣ್ಣನ್ನೂ, ಕಾಕಾನ ಗದ್ದೆಯ ಮಣ್ಣನ್ನೂ ಹರಿಹರಕ್ಕೆ ಒಯ್ದು ಊಟದ ಬಿಡುವಿನಲ್ಲಿ ಪರೀಕ್ಷೆ ಮಾಡಿದೆ. ಮೂರೂ ಕಾರ್ಡು ಹೆಚ್ಚುಕಡಿಮೆ ಒಂದೇ ಥರ ಬಂದವು. ಮಣ್ಣಲ್ಲಿ ಎಷ್ಟಿದೆ ಎಂಬುದು ಕಾರ್ಡಿಗೆ ಗೊತ್ತಾಗುತ್ತದೆ, ಯಾರು ಯಾರಿಗೆ ಹೇಗೆ ಕೊಡುತ್ತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಹಾಗಂತ ನಾನೇ ಸಮಾಧಾನ ಹೇಳಿಕೊಂಡೆ. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ, ಸಾಕ್ಷಿ ಸಿಗದಿದ್ದಾಗ ಪರೀಕ್ಷೆಯನ್ನು ಬೈಯುವುದು ಹಳೇ ಚಾಳಿ ಎಂದು ಹೀಯಾಳಿಸುತ್ತಿದ್ದೆ.

ಏಪ್ರಿಲ್ ಮೊದಲ ವಾರ. ಕಾಕಾನ ಭತ್ತ ಹೊಡೆ ಬಿಚ್ಚಿ ತೆನೆ ಹೊರಹಾಕುವ ಹೊತ್ತು. ಆಗ ನೀರು ತಪ್ಪಿದರೆ ತೆನೆಯಲ್ಲಿ ಕಾಳು ಕೂರುವುದಿಲ್ಲ. ನಾಲೆಯ ನೀರನ್ನು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ಆ ಸರದಿಯಲ್ಲಿ ನಮ್ಮ ಕಡೆಗೆ ಬಂದದ್ದು ಅಂಗೈ ಆಳದ ನೀರು, ಅದೂ ನಿಲ್ಲಲು ಎರಡೇ ದಿನ ಉಳಿದಿತ್ತು. ಕಾಲುವೆಯಲ್ಲಿ ಅದು ತೆವಳಿಕೊಂಡು ಹೋಗಿ, ಅರ್ಧ ದಾರಿಯಲ್ಲೇ ಬಿಲಗಳಲ್ಲಿ ಇಂಗಿಹೋಗುತ್ತಿತ್ತು. ದಾವಣಗೆರೆಯಿಂದ ಪೈಪು ತಂದು ಹಾಕಿಸಿದೆ. ನೀರಿಗೆ ಜೋರಿಲ್ಲದೆ ಪೈಪಿನ ಆ ತುದಿಯಲ್ಲಿ ಮೂಗು ಸೋರಿದಂತೆ ಸೋರಿತು. ಪಂಪು ಹಚ್ಚಿದರೆ ಬರೀ ಕೆಸರು ಎಳೆಯಿತು. ಉಳಿದದ್ದು ಒಂದೇ ದಾರಿ: ಬದು ಕಡಿದು ನನ್ನ ಎಕರೆಯ ಮೇಲೆಯೇ ನೀರು ಹಾಯಿಸುವುದು.

ಕಾಕಾ ಬದುವಿನ ಮೇಲೆ ನಿಂತಿದ್ದರು. ಬೈಯಲಿ ಎಂದು ಕಾದೆ. ಬೈದಿದ್ದರೆ ವಾದಕ್ಕೆ ಹಿಡಿದುಕೊಳ್ಳಲು ಒಂದು ತುದಿ ಸಿಗುತ್ತಿತ್ತು.

“ಕಾಕಾ, ಇನ್ನು ಹದಿನೈದು ದಿನ ಇದ್ರ ಅಲಸಂದಿ ಕಾಯಿ ಬಲೀತಿತ್ತು.”

“ಹೌದ್ರಿ.”

“ನೀವು ಏನಂತೀರಿ?”

“ನಾನೇನು ಅನ್ನಲಿ? ಹೊಲ ನಿಮ್ದು. ನೀವೇ ನೋಡ್ರಿ.”

ಅಪ್ಪನ ಮುಖ ನೋಡಿದೆ. ಅವನು ನಿಜವಾಗಿಯೂ ಆ ಬೇಸಿಗೆಯೆಲ್ಲ ನನ್ನ ಎಕರೆಗೆ ಕಾಲಿಟ್ಟಿರಲಿಲ್ಲ. ಆಗಲೂ ಬದುವಿನ ಆಚೆಯೇ ಇದ್ದ. “ನನ್ನ ನೋಡಬ್ಯಾಡ,” ಎಂದ.

ಸಲಿಕೆ ತಗೊಂಡು ನಾನೇ ಮೇಲಿನ ಬದು ಕಡಿದೆ. ಮೂರು ಕಡೆ. ನೀರು ಹೂವು ಕಾಯಿ ಎರಡೂ ಇದ್ದ ಗಿಡಗಳ ಬುಡಕ್ಕೆ ನುಗ್ಗಿತು. ಇನ್ನೇನು ಮಧ್ಯಾಹ್ನದ ಹೊತ್ತಿಗೆ ಕೆಳಗೆ ಇಳಿಯುತ್ತದೆ ಎಂದು ನಾವು ಮೂವರೂ ಕೆಳಗಿನ ಬದುವಿಗೆ ಬಂದು ಕೂತೆವು.

ಇಳಿಯಲಿಲ್ಲ.

ಭತ್ತದ ಗದ್ದೆಯನ್ನು ಕೆಸರು ಮಾಡಿ ತುಳಿದೂ ತುಳಿದೂ ಅಡಿಯಲ್ಲಿ ಒಂದು ಗಟ್ಟಿ ಪದರ ಆಗಿರುತ್ತದೆ. ಅದಕ್ಕೇ ನೀರು ಮೇಲೆ ನಿಲ್ಲುವುದು. ನನ್ನ ಎಕರೆ ಮೂರು ತಿಂಗಳು ಒಣಗಿ ಬಿರುಕು ಬಿಟ್ಟಿತ್ತು. ಅಲಸಂದಿಯ ಬೇರು ಆ ಬಿರುಕುಗಳಲ್ಲಿ ಇಳಿದು ಮಣ್ಣನ್ನು ಪುಡಿ ಮಾಡಿತ್ತು. ಗಾಳಿ ಹೋಗಲಿ, ಮಣ್ಣು ಬಿಡಿಸಿಕೊಳ್ಳಲಿ ಎಂದು ನಾನು ವಾದಿಸಿದ್ದು ಇದಕ್ಕೇ ತಾನೇ? ಬಿಡಿಸಿಕೊಂಡ ಮಣ್ಣು ಬಂದ ನೀರನ್ನೆಲ್ಲ ಕುಡಿಯತೊಡಗಿತು. ಬಿರುಕುಗಳಿಂದ ಬುಸುಬುಸು ಗಾಳಿ ಹೊರಡುವ ಸದ್ದು ಕೇಳಿಸುತ್ತಿತ್ತು. ಸಂಜೆಯವರೆಗೂ ಕುಡಿಯಿತು. ನನ್ನ ಬೆಳೆಯೂ ಮುಳುಗಿತು, ಅವರ ಗದ್ದೆಗೂ ನೀರು ಹೋಗಲಿಲ್ಲ.

“ಭಾರಿ ಬಾಯಾರಿಕೆ ಐತಲ್ರಿ ನಿಮ್ಮ ಎಕರೆಗೆ,” ಎಂದರು ಕಾಕಾ. ನಗಲು ನೋಡಿದರು, ಆಗಲಿಲ್ಲ.

ಮರುದಿನ ಹನ್ನೊಂದರ ಸುಮಾರಿಗೆ ನೀರು ಕೆಳಗಿನ ಕಿಂಡಿ ಮುಟ್ಟಿತು. ಕಾಕಾನ ಗದ್ದೆಯ ಮೇಲಿನ ಅರ್ಧ ತೋಯುವಷ್ಟರಲ್ಲಿ ನಾಲೆ ನಿಂತಿತು. ಕೆಳಗಿನ ಅರ್ಧದ ತೆನೆಗಳು ಬಾಗಲೇ ಇಲ್ಲ. ಕೊಯ್ಲಿನಲ್ಲಿ ಅವು ನೆಟ್ಟಗೆ ನಿಂತೇ ಬಂದವು, ಕೈಯಲ್ಲಿ ಹಿಸುಕಿದರೆ ಜೊಳ್ಳು. ಕಾಕಾ ಆ ಅರ್ಧವನ್ನು ದನಕ್ಕೆಂದು ಕೊಯ್ದುಕೊಂಡರು. ನಾನೂ ಅಮ್ಮನೂ ಮೊಣಕಾಲುದ್ದ ಕೆಸರಲ್ಲಿ ಸಿಕ್ಕಷ್ಟು ಕಾಯಿ ಬಿಡಿಸಿದೆವು. ಉಳಿದ ಅಲಸಂದಿ ಹಸಿರಾಗಿಯೇ ಕೊಳೆಯಿತು, ಮೇ ತಿಂಗಳಲ್ಲಿ ಟ್ರ್ಯಾಕ್ಟರಿನಿಂದ ಮಣ್ಣಿಗೇ ಸೇರಿಸಿದೆವು.

ಮಳೆಗಾಲದ ಭತ್ತ ಆ ಎಕರೆಯಲ್ಲಿ ಬೇರೆಯೇ ಬಣ್ಣ ತೆಗೆಯಿತು. ಅಪ್ಪ ಅದಕ್ಕೆ ಹಾಕುವ ಯೂರಿಯಾ ಕಡಿಮೆ ಮಾಡಿ ನೋಡಿದ. ಆದರೂ ಎಲೆ ಕಪ್ಪು ಹಸಿರು. ಬದುವಿನ ಮೇಲೆ ಹೋದವರನ್ನೆಲ್ಲ ನಿಲ್ಲಿಸಿ “ನಮ್ಮ ಹುಡುಗಿ ಎಕರೆ ನೋಡ್ರಿ” ಎನ್ನತೊಡಗಿದ.

“ಅಪ್ಪ, ಹಂಗೆ ಹೇಳ್ಬ್ಯಾಡ. ಒಂದು ಎಕರೆ, ಒಂದು ವರ್ಷ. ಬೆಳೆ ಬದಲಾಯಿಸಿದ್ದಕ್ಕೆ ಆತೋ, ಹಸಿ ಅಲಸಂದಿ ಕೊಳೆತಿದ್ದಕ್ಕೆ ಆತೋ, ಮಣ್ಣು ಒಣಗಿದ್ದಕ್ಕೆ ಆತೋ ಯಾರಿಗೆ ಗೊತ್ತು?”

“ಗೆದ್ದೆ ಅಂತ ಒಪ್ಕೊಳ್ಳವ್ವ ನನ್ನ ತಾಯಿ! ಸೋತ್ರೂ ವಾದ, ಗೆದ್ರೂ ವಾದ.”

ನನಗೆ ಕಾಣುತ್ತಿದ್ದುದು ಆ ಹಸಿರಿನ ಕೆಳಗಿನ ಬದು, ಅದರಾಚೆಯ ಮೂವತ್ತು ಗುಂಟೆ. ಅಪ್ಪ ಯಾರನ್ನು ಕರೆತಂದು ತೋರಿಸಿದರೂ ಅವರ ಕಣ್ಣು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕೊಯ್ಲು ಮುಗಿದ ಮೇಲೆ ಕಾಕಾ ಗದ್ದೆಯಲ್ಲಿ ಸಿಕ್ಕರು. ಹೆಗಲ ಮೇಲೆ ಸಲಿಕೆ ಇತ್ತು.

“ವಕೀಲಮ್ಮ, ಈ ಬೇಸಿಗೆ ನಿಮ್ಮ ಎಕರೆಗೆ ಏನು?”

“ಭತ್ತಾನೇ, ಕಾಕಾ. ಅಪ್ಪನಿಗೆ ಹೇಳೀನಿ. ನಿಮಗೆ ನೀರು ಬೇಕಲ್ಲ.”

“ಭತ್ತ ಬ್ಯಾಡ. ನಾನೂ ಅಲಸಂದಿ ಹಾಕಾಕ ಮಾಡೀನಿ. ನಿಮ್ಮ ನೆಲ ಬಿಚ್ಚಿಕೊಂಡುಬಿಟ್ಟೈತಿ. ಮಳೆಗಾಲದಾಗ ಆಕಾಶದ ನೀರಿತ್ತು, ನಡೀತು. ಬೇಸಿಗೆಗೆ ಅಷ್ಟು ಸಣ್ಣ ನೀರು ಅದನ್ನ ದಾಟಿ ನನ್ನ ತನಕ ಬರಲ್ಲ. ಮತ್ತ ಗಟ್ಟಿ ಆಗಬೇಕಂದ್ರ ಒಂದೆರಡು ಬೆಳೆ ಬೇಕು.”

ನಾನು ಏನು ಹೇಳಿದರೂ ತಪ್ಪಾಗುತ್ತಿತ್ತು. ಭತ್ತ ಹಾಕಿ ಎಂದರೆ ನೀರಿಲ್ಲ, ಅಲಸಂದಿ ಹಾಕಿ ಎಂದರೆ ಭರವಸೆ ಕೊಟ್ಟಂತೆ. ಅವರಿಗೆ ಬೇರೆ ದಾರಿ ಇಲ್ಲದಂತೆ ಮಾಡಿದವಳು ನಾನೇ. ಈಗ ಉಳಿದ ಒಂದೇ ದಾರಿ ಸರಿಯೋ ತಪ್ಪೋ ಎಂದು ನನ್ನನ್ನೇ ಕೇಳುತ್ತಿದ್ದರು.

“ನನ್ನ ನೆಲದಾಗ ಬರ್ತೈತೇನ್ರಿ ಅದು?”

“ಗೊತ್ತಿಲ್ಲ, ಕಾಕಾ.”

“ಇಷ್ಟು ದಿನ ಗೊತ್ತಿತ್ತಲ್ರಿ?”

“ಇಷ್ಟು ದಿನ ಗೊತ್ತೈತೆ ಅಂತ ಮಾತಾಡ್ತಿದ್ದೆ. ನಿಮ್ಮದು ಇನ್ನೂ ತಗ್ಗು, ತೇವ ಜಾಸ್ತಿ. ಬೇರಿನ ಗಂಟು ಆಗ್ತಾವೋ ಇಲ್ಲೋ. ಆದ್ರೂ ಸಾಲ್ತಾವೋ ಇಲ್ಲೋ. ಬರದಿದ್ರ?”

“ಬರದಿದ್ರ ನಿಮ್ಮನೇಗೆ ಊಟಕ್ಕೆ ಬರ್ತೀನಿ. ದಿನಾ.” ಒಂದು ಕ್ಷಣ ನನ್ನ ಮುಖ ನೋಡಿ, “ಮೇಲಿನ ಗದ್ದೆಯವರಿಗೆ ಹೇಳೀನಿ, ಅವರ ಹೆಚ್ಚಿನ ನೀರು ಆ ಕಡೆ ಹಳ್ಳಕ್ಕೆ ಬಿಡ್ತಾರಂತೆ,” ಎಂದರು.

ಆಮೇಲೆ ಸಲಿಕೆ ಇಳಿಸಿ, ನಾನು ತೋಡಿಸಿದ್ದ ಕಾಲುವೆಯ ಬಾಯಿಗೆ ಹೋದರು. ಅದು ತೆರೆದಿದ್ದರೆ ಎರಡೂ ಹೊಲಕ್ಕೆ ನೀರು ಜಿನುಗುತ್ತದೆ. ಅಲಸಂದಿ ಬದುಕಬೇಕಾದರೆ ಮುಚ್ಚಲೇಬೇಕು. ಅವರು ಮಾಡುತ್ತಿದ್ದುದು ಸರಿಯೇ. ತಡೆಯಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ, ಹೂಂ ಅನ್ನುವ ಧೈರ್ಯವೂ ಇರಲಿಲ್ಲ. ತಮ್ಮ ಮೂವತ್ತು ಗುಂಟೆಗೆ ನೀರು ಬರುವ ದಾರಿಗೆ ಅವರು ಒಂದೊಂದೇ ಸಲಿಕೆ ಮಣ್ಣು ಎಳೆದು ಹಾಕುತ್ತ, ಹಾಕಿದ್ದನ್ನು ಹಿಮ್ಮಡಿಯಿಂದ ಒತ್ತುತ್ತ ಹೋದರು.